ಕೆಳಗೆ ನೆಲವಿಲ್ಲದ ಕಡೆ ಡೈವ್: ಬುನಾಕೆನ್ ಹವಳದ ಗೋಡೆಗೆ ಮೊದಲ ಸಲ ಹೋಗುವವರಿಗೆ

ಜೂನ್ ಬಂತು ಅಂದ್ರೆ ಮುರುಡೇಶ್ವರದಲ್ಲಿ ದೋಣಿಗಳು ದಡ ಸೇರುತ್ತವೆ. ನೇತ್ರಾಣಿ ದ್ವೀಪದ ಸ್ಕೂಬಾ ಡೈವ್ ಬಂದ್. ಮಳೆ ಕಡಿಮೆಯಾಗಿ ಅಲೆ ಇಳಿಯುವವರೆಗೂ ಅರಬ್ಬಿ ಸಮುದ್ರದ ಕಡೆ ತಲೆ ಹಾಕುವ ಹಾಗಿಲ್ಲ. ಅದೇ ತಿಂಗಳುಗಳಲ್ಲಿ ಇಂಡೋನೇಷ್ಯಾದ ಉತ್ತರ ಸುಲಾವೆಸಿಯಲ್ಲಿ ಮಳೆ ಕಮ್ಮಿ, ಸಮುದ್ರ ಶಾಂತ. ಹಾಗಾಗಿ ನೇತ್ರಾಣಿಯಲ್ಲಿ ಡೈವ್ ಕಲಿತು, ಮುಂದೇನು ಎಂದು ಕೇಳುವವರಿಗೆಲ್ಲ ನಾನು ಹೇಳುವ ಹೆಸರು ಒಂದೇ, ಬುನಾಕೆನ್.

ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನೇತ್ರಾಣಿಯಲ್ಲಿ ನಾವು ಕಲಿಯುವ ಜಾಗಗಳಲ್ಲಿ ಕೆಳಗೆ ಬಂಡೆ ಇರುತ್ತದೆ, ಮರಳು ಇರುತ್ತದೆ. ಹಿಡಿತ ಸ್ವಲ್ಪ ತಪ್ಪಿದರೂ ಕಾಲಿಗೆ ಏನಾದರೂ ಸಿಗುತ್ತದೆ. ಬುನಾಕೆನ್‌ನಲ್ಲಿ ಹಾಗಲ್ಲ. ರೀಫ್‌ನ, ಅಂದರೆ ಹವಳದ ದಿಬ್ಬದ, ಮೇಲ್ಭಾಗ ಬರೀ ಮೂರರಿಂದ ಐದು ಮೀಟರ್ ಆಳದಲ್ಲಿದೆ. ಅದರ ಅಂಚು ದಾಟಿದ ಕೂಡಲೇ ಹವಳದ ಗೋಡೆ ನೇರ ಕೆಳಗಿಳಿಯುತ್ತದೆ. ಕೆಳಗೆ ನೋಡಿದರೆ ನೀಲಿ, ಅದರ ಕೆಳಗೆ ಇನ್ನೂ ಕಡು ನೀಲಿ, ಅಷ್ಟೇ. ಎಲ್ಲಿ ನಿಲ್ಲಬೇಕು ಅಂತ ಹೇಳೋಕೆ ಅಲ್ಲಿ ನೆಲವೇ ಇಲ್ಲ. ಆಳ ಎಷ್ಟು ಅಂತ ನೀವೇ ತೀರ್ಮಾನಿಸಬೇಕು, ತೀರ್ಮಾನಿಸಿದ ಆಳದಲ್ಲೇ ನಿಲ್ಲಬೇಕು. ವಾಲ್ ಡೈವ್‌ನಲ್ಲಿ ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದೇ.

ಇದು ಈಗಾಗಲೇ ಓಪನ್ ವಾಟರ್, ಅಂದರೆ ಡೈವಿಂಗ್‌ನ ಮೊದಲ ಹಂತದ ಕೋರ್ಸಿನ ಸರ್ಟಿಫಿಕೇಟ್ ಇರುವವರಿಗಾಗಿ ಬರೆದದ್ದು. ಓದಿದ್ದು ಕೋರ್ಸಿಗೆ ಬದಲಿ ಆಗುವುದಿಲ್ಲ. ನೇತ್ರಾಣಿಯಲ್ಲಿ ಗೈಡ್ ಕೈ ಹಿಡಿದುಕೊಂಡು ಒಮ್ಮೆ ಇಳಿದು ಬಂದಿದ್ದೇನೆ ಅನ್ನುವವರು ಮೊದಲು ಕೋರ್ಸ್ ಮುಗಿಸಿ, ಆಮೇಲೆ ಗೋಡೆಯ ಮಾತು.

ಜಾಗ ಎಂಥದ್ದು

ಬುನಾಕೆನ್ ಇರುವುದು ಮನಾಡೊ ಪಟ್ಟಣದ ಎದುರಿಗೆ. ದೋಣಿಯಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ಬೆಂಗಳೂರಿನಿಂದ ಹೋಗುವವರು ಸಿಂಗಾಪುರ ಅಥವಾ ಜಕಾರ್ತಾ ಮೇಲಿಂದ ಮನಾಡೊ ಸೇರಬಹುದು. ಗಡಿಯಾರ ಎರಡೂವರೆ ಗಂಟೆ ಮುಂದಿಟ್ಟುಕೊಳ್ಳಿ. ಬುನಾಕೆನ್, ಮನಾಡೊ ತುವಾ, ಸಿಲಾಡೆನ್, ಮಂತೆಹಾಗೆ, ನಾಯಿನ್ ಎಂಬ ಐದು ದ್ವೀಪಗಳು, ಅವುಗಳ ಸುತ್ತಲಿನ ಸಮುದ್ರ ಸೇರಿ 1991ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ದ್ವೀಪಗಳ ನಡುವೆ ಸಮುದ್ರದ ಆಳ ಸಾವಿರ ಮೀಟರ್ ದಾಟುತ್ತದೆ. ದಡದ ಪಕ್ಕದಲ್ಲೇ ಇಷ್ಟು ಆಳ ಇರುವುದರಿಂದ ನೀರು ತಿಳಿಯಾಗಿರುತ್ತದೆ. ಒಳ್ಳೆ ದಿನ ಇಪ್ಪತ್ತು-ಮೂವತ್ತು ಮೀಟರ್ ದೂರದವರೆಗೂ ಕಾಣುತ್ತದೆ. ಬಿಸಿಯೂ ಅಷ್ಟೇ ಹಿತ, 27ರಿಂದ 29 ಡಿಗ್ರಿ. ಮೂರು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಸಾಕು.

ಮನಾಡೊ ತುವಾ ಅಂದರೆ ಸಮುದ್ರದ ಮಧ್ಯೆ ಎದ್ದು ನಿಂತ ಆರಿದ ಜ್ವಾಲಾಮುಖಿ. ಅದರ ಬಗ್ಗೆ ಒಂದು ಸಂಗತಿ ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಸೀಲಕ್ಯಾಂತ್ ಎಂಬ ಮೀನು ಡೈನೊಸಾರ್‌ಗಳ ಕಾಲಕ್ಕೇ ಅಳಿದುಹೋಯಿತು ಎಂದು ವಿಜ್ಞಾನಿಗಳು ತಿಳಿದಿದ್ದರು. 1938ರಲ್ಲಿ ದಕ್ಷಿಣ ಆಫ್ರಿಕಾದ ತೀರದಲ್ಲಿ ಒಂದು ಬಲೆಗೆ ಬಿತ್ತು. ಆಮೇಲೆ ಬಹಳ ವರ್ಷ ಆಫ್ರಿಕಾದ ಕಡೆ ಮಾತ್ರ ಇದೆ ಅಂದುಕೊಂಡಿದ್ದರು. 1997ರಲ್ಲಿ ಅಮೆರಿಕದ ಸಮುದ್ರ ಜೀವಿವಿಜ್ಞಾನಿ ಮಾರ್ಕ್ ಅರ್ಡ್‌ಮನ್ ಮತ್ತು ಅವರ ಹೆಂಡತಿ ಅರ್ನಾಜ್ ಮನಾಡೊ ಮೀನು ಮಾರುಕಟ್ಟೆಯಲ್ಲಿ ಅಂಥದ್ದೇ ಮೀನು ನೋಡಿದರು. ಮರುವರ್ಷ ಮನಾಡೊ ತುವಾ ಪಕ್ಕದಲ್ಲಿ ಬೆಸ್ತರ ಬಲೆಗೆ ಇನ್ನೊಂದು ಸಿಕ್ಕಿತು. 1999ರಲ್ಲಿ ಅದು ಬೇರೆಯೇ ಜಾತಿ ಎಂದು ಹೆಸರಿಟ್ಟರು. ಊರಿನ ಬೆಸ್ತರಿಗೆ ಮಾತ್ರ ಅದು ಮೊದಲೇ ಗೊತ್ತಿದ್ದ ಮೀನು, ರಾಜಾ ಲಾವುತ್. ಅದು ಇರುವುದು ನೂರು ಮೀಟರಿಗೂ ಕೆಳಗೆ, ನಮಗೆ ಕಾಣುವ ಮಾತೇ ಇಲ್ಲ. ಆದರೂ ನೀವು ತೇಲುವ ಗೋಡೆ ಅಲ್ಲಿಯವರೆಗೂ ಇಳಿಯುತ್ತದೆ ಅನ್ನುವುದು ತಲೆಯಲ್ಲಿರಲಿ.

ಹೊರಡುವ ಮೊದಲು

ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್ ಸ್ವಂತದ್ದು ಇರಲಿ. ಇಲ್ಲದಿದ್ದರೆ ಬಾಡಿಗೆಗೆ ತೆಗೆದುಕೊಳ್ಳಿ, ಆದರೆ ಇಬ್ಬರಿಗೆ ಒಂದು ಅಂತ ಮಾತ್ರ ಬೇಡ. ಕೆಳಗೆ ನೆಲವಿರುವ ಕಡೆ ಇಬ್ಬರ ಆಳವೂ ಹೆಚ್ಚುಕಮ್ಮಿ ಒಂದೇ. ಗೋಡೆಯಲ್ಲಿ ನೀವು ಹದಿನೈದು ಮೀಟರಿನಲ್ಲಿ, ಬಡ್ಡಿ (ಡೈವ್ ಜೊತೆಗಾರ) ಇಪ್ಪತ್ತೆರಡರಲ್ಲಿ ಇರುವುದು ಗೊತ್ತೇ ಆಗುವುದಿಲ್ಲ.

ಎರಡನೆಯದು ಎಸ್‌ಎಂಬಿ, ಅಂದರೆ ನೀರಿನೊಳಗಿಂದ ಮೇಲಕ್ಕೆ ಬಿಡುವ ಉದ್ದನೆಯ ಕಿತ್ತಳೆ ಬಲೂನು. ಅದರ ಜೊತೆಗೆ ದಾರದ ರೀಲ್ ಮತ್ತು ಒಂದು ಸೀಟಿ. ಬಲೂನು ಬಿಡೋದನ್ನ ಊರಲ್ಲೇ ಈಜುಕೊಳದಲ್ಲಿ ಕಲಿತು ಹೋಗಿ. ಮೂರನೆಯದು ಟಾರ್ಚ್, ಹಗಲಲ್ಲೂ ಬೇಕು. ನೀರು ಮೊದಲು ಕೆಂಪು ಬಣ್ಣವನ್ನು ಹೀರಿಬಿಡುತ್ತದೆ. ಹತ್ತು ಮೀಟರ್ ದಾಟಿದರೆ ಕಡುಗೆಂಪು ಹವಳ ಬೂದಿ-ಕಂದಾಗಿ ಕಾಣುತ್ತದೆ. ಟಾರ್ಚ್ ಬಿಟ್ಟ ಕೂಡಲೇ ನಿಜವಾದ ಬಣ್ಣ ಎದ್ದು ಬರುತ್ತದೆ.

ಮಾಮೂಲಿ ಪ್ರವಾಸ ವಿಮೆಯಲ್ಲಿ ಡೈವಿಂಗ್ ಸೇರಿದೆಯಾ, ಸೇರಿದ್ದರೆ ಎಷ್ಟು ಆಳದವರೆಗೆ ಎಂದು ಓದಿ ನೋಡಿ. ಇಲ್ಲದಿದ್ದರೆ ಡೈವ್ ವಿಮೆ ಬೇರೆ ಮಾಡಿಸಿ. ಇದರಲ್ಲಿ ಜಿಪುಣತನ ಬೇಡ.

ಸಸ್ಯಾಹಾರಿಗಳು ತಿನುತುವಾನ್ ಕೇಳಿ. ಅದು ಕುಂಬಳ, ಗೆಣಸು, ಜೋಳ, ಸೊಪ್ಪು ಹಾಕಿದ ಮನಾಡೊ ಕಡೆಯ ಗಂಜಿ. ಪಕ್ಕದಲ್ಲಿ ಒಣಮೀನು ಕೊಡುವುದು ರೂಢಿ, ಬೇಡ ಅಂದರೆ ಬಿಡುತ್ತಾರೆ. ಡೈವ್ ದಿನ ಬೆಳಿಗ್ಗೆಗೆ ಇದಕ್ಕಿಂತ ಹಗುರವಾದ ಊಟ ಇಲ್ಲ.

ತೂಕ ಸರಿ ಮಾಡಿಕೊಳ್ಳುವುದು

ಇದಕ್ಕೆ ಸಮಯ ಕೊಡಿ, ಯಾಕಂದ್ರೆ ಗೋಡೆಯಲ್ಲಿ ಕಾಣುವ ತೊಂದರೆಗಳು ಹೆಚ್ಚಾಗಿ ಇಲ್ಲಿಂದಲೇ ಶುರುವಾಗುತ್ತವೆ. ಮುಳುಗಲೆಂದು ಜಾಸ್ತಿ ಸೀಸ ಕಟ್ಟಿಕೊಂಡವರು ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವ ಜಾಕೆಟ್ಟಿಗೆ, ಜಾಸ್ತಿ ಗಾಳಿ ತುಂಬಬೇಕು. ಆ ಗಾಳಿ ಆಳಕ್ಕೆ ಹೋದಂತೆ ಕುಗ್ಗುತ್ತದೆ, ಮೇಲೆ ಬಂದಂತೆ ಹಿಗ್ಗುತ್ತದೆ. ವೆಟ್‌ಸೂಟ್ ಕೂಡ ಆಳದಲ್ಲಿ ಹಿಂಡಿಕೊಂಡು ತೇಲುವ ಗುಣ ಕಳೆದುಕೊಳ್ಳುತ್ತದೆ. ಅಂದರೆ ಒಮ್ಮೆ ಇಳಿಯಲು ಶುರುವಾದರೆ ಇಳಿಯುವ ವೇಗ ತಾನೇ ಹೆಚ್ಚುತ್ತಾ ಹೋಗುತ್ತದೆ.

ಮೊದಲ ದಿನ ರೀಫ್ ಮೇಲೆ, ಆಳ ಇಲ್ಲದ ಕಡೆ ಹೀಗೆ ಪರೀಕ್ಷೆ ಮಾಡಿ. ಡೈವ್ ಕೊನೆಗೆ ಟ್ಯಾಂಕಿನಲ್ಲಿ 50 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಗಾಳಿ ಉಳಿದಿರುವಾಗ ಐದು ಮೀಟರಿನಲ್ಲಿ ನಿಲ್ಲಿ. ಬಿಸಿಡಿ ಪೂರ್ತಿ ಖಾಲಿ ಮಾಡಿ. ಸಹಜವಾಗಿ ಉಸಿರಾಡುತ್ತಾ ಅಲ್ಲೇ ನಿಲ್ಲಲು ಆದರೆ ತೂಕ ಸರಿ ಇದೆ. ಮುಳುಗಿದರೆ ಒಂದು ಕಿಲೋ ತೆಗೆಯಿರಿ, ಮತ್ತೆ ನೋಡಿ. ಈ ಪರೀಕ್ಷೆ ಕೊನೆಗೇ ಮಾಡಬೇಕು. ಇಲ್ಲಿ ಕೊಡುವ ಅಲ್ಯುಮಿನಿಯಂ ಟ್ಯಾಂಕಿನಿಂದ ಡೈವ್ ಮುಗಿಯುವಷ್ಟರಲ್ಲಿ ಎರಡು ಕಿಲೋದಷ್ಟು ಗಾಳಿ ಖರ್ಚಾಗಿರುತ್ತದೆ, ಟ್ಯಾಂಕ್ ತೇಲಲು ನೋಡುತ್ತದೆ.

ಆಳ ಮೊದಲೇ ಮಾತಾಡಿಕೊಳ್ಳಿ

ದೋಣಿಯಲ್ಲಿ ಬ್ರೀಫಿಂಗ್ ಮುಗಿದ ಮೇಲೆ ಬಡ್ಡಿಯ ಮುಖ ನೋಡಿ ಒಂದು ಸಂಖ್ಯೆ ಬಾಯಿಬಿಟ್ಟು ಹೇಳಿ. "ಇವತ್ತು ಹದಿನೆಂಟು, ಅದಕ್ಕಿಂತ ಕೆಳಗಿಲ್ಲ." ಓಪನ್ ವಾಟರ್ ಮಾತ್ರ ಆಗಿದ್ದರೆ 18 ಮೀಟರ್, ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಆಗಿದ್ದರೆ 30. ಮೋಜಿನ ಡೈವಿಂಗ್‌ನ ಕೊನೆ ಗೆರೆ 40, ಅದೂ ಡೀಪ್ ಕೋರ್ಸ್ ಮಾಡಿದವರಿಗೆ.

ನನ್ನನ್ನು ಕೇಳಿದರೆ ಬುನಾಕೆನ್‌ನಲ್ಲಿ ಹದಿನೆಂಟರ ಕೆಳಗೆ ಹೋಗಬೇಕಾದ ಅಗತ್ಯ ಬಹಳ ಕಡಿಮೆ. ಬಿಸಿಲು ಬೀಳುವ ಕಡೆ ಹವಳ ಜಾಸ್ತಿ, ಹವಳ ಇರುವ ಕಡೆ ಮೀನು ಜಾಸ್ತಿ. ಗಾಳಿಯ ಲೆಕ್ಕವೂ ಅದನ್ನೇ ಹೇಳುತ್ತದೆ. ಪ್ರತಿ ಹತ್ತು ಮೀಟರಿಗೆ ಒತ್ತಡ ಒಂದು ಬಾರ್ ಏರುತ್ತದೆ. ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಬೇಕಾಗುವವರಿಗೆ ಹತ್ತು ಮೀಟರಿನಲ್ಲಿ 40 ಬೇಕು, ಮೂವತ್ತರಲ್ಲಿ 80. ಒತ್ತಿ ತುಂಬಿದ ಗಾಳಿಗೆ ಅಲ್ಯುಮಿನಿಯಂ ಟ್ಯಾಂಕಿನ ಒಳಗಿರುವ ಜಾಗ 11 ಲೀಟರ್ ಚಿಲ್ಲರೆ. ಅಂದರೆ ಮೂವತ್ತರಲ್ಲಿ ಟ್ಯಾಂಕಿನ ಒತ್ತಡ ತೋರಿಸುವ ಮುಳ್ಳು ನಿಮಿಷಕ್ಕೆ ಏಳು ಬಾರ್ ಇಳಿಯುತ್ತದೆ, ಹತ್ತರಲ್ಲಿ ಅದರ ಅರ್ಧ. ಆಳದಲ್ಲಿ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಸೇರಿಕೊಳ್ಳುವ ನೈಟ್ರೋಜನ್ ಲೆಕ್ಕವೂ ಹಾಗೇ. ಡೈವಿಂಗ್ ಕಲಿಸುವ ಪಾಡಿ ಸಂಸ್ಥೆಯ ಹಳೆಯ ಟೇಬಲ್ ಪ್ರಕಾರ ಮೊದಲ ಡೈವ್‌ನಲ್ಲಿ 18 ಮೀಟರಿನಲ್ಲಿ 56 ನಿಮಿಷ ಇರಬಹುದು, 30ರಲ್ಲಿ ಬರೀ 20. ಜೊತೆಗೆ ಮೂವತ್ತರ ಆಸುಪಾಸಿನಲ್ಲಿ ನೈಟ್ರೋಜನ್ ಅಮಲು ಶುರುವಾಗಬಹುದು. ಸುಮ್ನೆ ಖುಷಿಯಾಗುತ್ತದೆ, ಕಂಪ್ಯೂಟರ್ ನೋಡಿದರೂ ಅಂಕಿ ತಲೆಗೆ ಹೋಗುವುದಿಲ್ಲ. ನೆಲ ಇಲ್ಲದ ಕಡೆ ಇದು ಅಪಾಯ.

ಆಳದ ಡೈವ್ ಮಾಡಲೇಬೇಕು ಅಂತಿದ್ದರೆ ಆಳದ ಭಾಗ ಮೊದಲು ಮುಗಿಸಿ, ಆಮೇಲೆ ಗೋಡೆ ಹಿಡಿದುಕೊಂಡೇ ನಿಧಾನಕ್ಕೆ ಮೇಲೇರುತ್ತಾ ಬನ್ನಿ.

ನೀರಿಗಿಳಿದ ಮೇಲೆ

ದೋಣಿಯ ಅಂಚಿನಿಂದ ಹಿಂದಕ್ಕೆ ಬೀಳುವುದು ನಿಮಗೆ ಗೊತ್ತೇ ಇದೆ. ಗೋಡೆಯಲ್ಲಿ ಒಂದು ಬದಲಾವಣೆ ಮಾಡಿ. ಅಂಚಿನಾಚೆಯ ನೀಲಿಯಲ್ಲಿ ಇಳಿಯಬೇಡಿ, ರೀಫ್ ಮೇಲ್ಭಾಗದ ಮೇಲೆ ಇಳಿಯಿರಿ. ಅಲ್ಲಿ ಐದು ಮೀಟರಿನಲ್ಲಿ ಒಂದು ನಿಮಿಷ ನಿಂತು ಕಿವಿ ಸರಿ ಮಾಡಿಕೊಳ್ಳಿ, ಮಾಸ್ಕ್ ಸರಿ ಮಾಡಿಕೊಳ್ಳಿ, ಬಡ್ಡಿಗೆ ಓಕೆ ತೋರಿಸಿ. ಎಲ್ಲ ಸರಿ ಇದ್ದರೆ ಅಂಚು ದಾಟಿ.

ಅಂಚು ದಾಟುವಾಗ ಕೆಲವರಿಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಅದು ಸಹಜ. ಆಗ ಕೆಳಗೆ ನೋಡುವುದು ಬಿಟ್ಟು ಮುಖ ಗೋಡೆಯ ಕಡೆ ತಿರುಗಿಸಿ. ಕಣ್ಣಳತೆಯಲ್ಲಿ ಯಾವುದಾದರೂ ಒಂದು ಹವಳ ಹುಡುಕಿ. ಅದು ಮೇಲೆ ಹೋಗುತ್ತಿದ್ದರೆ ನೀವು ಇಳಿಯುತ್ತಿದ್ದೀರಿ, ಕೆಳಗೆ ಹೋಗುತ್ತಿದ್ದರೆ ಏರುತ್ತಿದ್ದೀರಿ. ನಾಲ್ಕೈದು ದೀರ್ಘ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮನಸ್ಸು ತಹಬದಿಗೆ ಬರುತ್ತದೆ.

ಎಡಗೈ ಬಿಸಿಡಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಮೇಲಿರಲಿ. ಬೇಕಾದ ಆಳಕ್ಕೆ ಎರಡು-ಮೂರು ಮೀಟರ್ ಇರುವಾಗಲೇ ಬಟನ್ ಒತ್ತಲು ಶುರು ಮಾಡಿ. ತಲುಪಿದ ಮೇಲೆ ಒತ್ತಿದರೆ ತಡವಾಯಿತು. ಒಂದೇ ಸಲ ಜೋರಾಗಿ ಒತ್ತಬೇಡಿ. ಚಿಕ್ಕದಾಗಿ ಒಂದು ಸಲ ಒತ್ತಿ, ಎರಡು ಉಸಿರು ಕಾಯಿರಿ, ಏನಾಯಿತು ನೋಡಿ, ಬೇಕಿದ್ದರೆ ಮತ್ತೊಂದು. ಆಮೇಲಿನ ಸಣ್ಣ ಏರಿಳಿತವನ್ನೆಲ್ಲ ಶ್ವಾಸಕೋಶದಿಂದಲೇ ನಿಭಾಯಿಸಿ. ಸ್ವಲ್ಪ ತುಂಬಿ ಉಸಿರು ತೆಗೆದುಕೊಂಡರೆ ಏರುತ್ತೀರಿ, ಪೂರ್ತಿ ಬಿಟ್ಟರೆ ಇಳಿಯುತ್ತೀರಿ. ಉಸಿರು ಹಿಡಿದಿಡುವುದು ಮಾತ್ರ ಯಾವತ್ತೂ ಬೇಡ.

ಗೋಡೆಯಿಂದ ಎರಡು ಮೀಟರ್ ದೂರ ಇರಿ. ಹತ್ತಿರ ಹೋಗಬೇಕಾದರೆ ಕಾಲಿನ ಫಿನ್ ನೀಲಿಯ ಕಡೆ ಇರಲಿ. ಗೋಡೆಯನ್ನು ಪಕ್ಕಕ್ಕೆ ಇಟ್ಟುಕೊಂಡು ಜೋರಾಗಿ ಕಾಲು ಬಡಿದರೆ ಬೀಸಣಿಗೆ ಹವಳ ಮುರಿಯುತ್ತದೆ. ಅಂಥ ಒಂದು ಹವಳ ಅಷ್ಟಗಲ ಬೆಳೆಯಲು ವರ್ಷಗಟ್ಟಲೆ ಬೇಕು. ಮುರಿಯಲು ಒಂದು ಒದೆತ ಸಾಕು. ಮುಂಚಾಚಿದ ಬಂಡೆಯ ಅಡಿಯಲ್ಲೂ ಜಾಸ್ತಿ ಹೊತ್ತು ನಿಲ್ಲಬೇಡಿ. ನಿಮ್ಮ ಗುಳ್ಳೆಗಳು ಚಾವಣಿಯಲ್ಲಿ ಸೇರಿಕೊಂಡು ಅಲ್ಲಿ ಅಂಟಿಕೊಂಡ ಜೀವಿಗಳಿಗೆ ತೊಂದರೆ ಕೊಡುತ್ತವೆ.

ಪ್ರತಿ ಎರಡು ನಿಮಿಷಕ್ಕೊಮ್ಮೆ ಕಂಪ್ಯೂಟರ್, ಗಾಳಿ, ಬಡ್ಡಿ, ಈ ಮೂರೂ ನೋಡಿ. ಕ್ಯಾಮೆರಾ ಇದ್ದವರು ಪ್ರತಿ ಫೋಟೊ ಆದ ಕೂಡಲೇ ನೋಡಿ. ಮೊದಲ ಎರಡು ಡೈವ್‌ಗೆ ಕ್ಯಾಮೆರಾ ದೋಣಿಯಲ್ಲೇ ಬಿಟ್ಟರೆ ಇನ್ನೂ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಸೆಳೆತ

ಬುನಾಕೆನ್‌ನಲ್ಲಿ ಹೆಚ್ಚಾಗಿ ಮಾಡುವುದು ಡ್ರಿಫ್ಟ್ ಡೈವ್. ಸೆಳೆತದ ಜೊತೆ ನೀವು ಹೋಗುತ್ತೀರಿ, ಗುಳ್ಳೆ ನೋಡಿಕೊಂಡು ದೋಣಿ ಹಿಂದೆ ಬರುತ್ತದೆ. ದ್ವೀಪದ ದಕ್ಷಿಣದ ಲೆಕುವಾನ್ ಗೋಡೆಗಳು ಹೊಸಬರಿಗೆ ಹೇಳಿ ಮಾಡಿಸಿದ ಜಾಗ. ಯಾವ ಹೊತ್ತಿಗೆ ಯಾವ ಜಾಗ ಅನ್ನುವುದು ಉಬ್ಬರ-ಇಳಿತ ನೋಡಿ ಸ್ಥಳೀಯ ಗೈಡ್ ಹೇಳುತ್ತಾರೆ. ಅವರು "ಆರುಸ್" (ಸೆಳೆತ) ಜೋರಿದೆ, ಇವತ್ತು ಬೇಡ ಅಂದರೆ ವಾದ ಮಾಡಬೇಡಿ. ಆ ನೀರಿನಲ್ಲೇ ಹುಟ್ಟಿ ಬೆಳೆದವರು ಅವರು.

ಪಕ್ಕಕ್ಕೆ ಒಯ್ಯುವ ಸೆಳೆತಕ್ಕೆ ಹೆದರಬೇಕಿಲ್ಲ. ಎಚ್ಚರ ಬೇಕಾಗಿರುವುದು ಗೋಡೆಯ ಮೂಲೆಗಳಲ್ಲಿ ಕೆಲವೊಮ್ಮೆ ಸಿಗುವ, ಕೆಳಕ್ಕೆ ಎಳೆಯುವ ಸೆಳೆತಕ್ಕೆ. ಅದರ ಗುರುತುಗಳು ಹೀಗೆ. ಮುಂದಿರುವವರ ಗುಳ್ಳೆ ಮೇಲೆ ಹೋಗದೆ ಅಲ್ಲೇ ಸುತ್ತುತ್ತದೆ ಅಥವಾ ಕೆಳಗಿಳಿಯುತ್ತದೆ. ಗೋಡೆಯ ಮೀನುಗಳು ತಲೆ ಮೇಲೆ ಮಾಡಿ ಒದ್ದಾಡುತ್ತವೆ. ನೀವು ಏನೂ ಮಾಡದೆ ಇದ್ದರೂ ಕಿವಿ ಬಿಗಿಯುತ್ತದೆ.

ಆಗ ನೇರ ಮೇಲಕ್ಕೆ ಈಜಿ ಗೆಲ್ಲಲು ಹೋಗಬೇಡಿ. ಸುಸ್ತಾಗುತ್ತದೆ, ಗಾಳಿ ಹೋಗುತ್ತದೆ. ಗೋಡೆ ಕೈಗೆಟುಕುವಂತಿದ್ದರೆ ಜೀವ ಇಲ್ಲದ ಬರಿ ಬಂಡೆ ಹಿಡಿದುಕೊಳ್ಳಿ. ಹವಳ ಮುಟ್ಟಬಾರದು ಅನ್ನುವ ನಿಯಮ ನಾನೂ ಪಾಲಿಸುವವನೇ, ಆದರೆ ಇಲ್ಲಿ ಜೀವ ಮೊದಲು. ಉಸಿರು ಸಮ ಮಾಡಿಕೊಂಡು ಬಂಡೆಯಿಂದ ಬಂಡೆಗೆ ಕೈ ಹಾಕುತ್ತಾ ಓರೆಯಾಗಿ ಮೇಲೇರಿ. ಗೋಡೆ ಸಿಗದಿದ್ದರೆ ಅದರಿಂದ ದೂರಕ್ಕೆ, ನೀಲಿಯ ಕಡೆ ಅಡ್ಡಲಾಗಿ ಈಜಿ. ಇಂಥ ಸೆಳೆತ ಸಾಮಾನ್ಯವಾಗಿ ಗೋಡೆಗೆ ಅಂಟಿಕೊಂಡೇ ಇರುತ್ತದೆ, ಅಗಲ ಕಡಿಮೆ. ಬಿಸಿಡಿಗೆ ಸ್ವಲ್ಪ ಗಾಳಿ ಹಾಕಬಹುದು. ಆದರೆ ಸೆಳೆತ ಬಿಟ್ಟ ಮರುಕ್ಷಣ ಆ ಗಾಳಿ ನಿಮ್ಮನ್ನು ಮೇಲಕ್ಕೆ ಎತ್ತಿ ಒಯ್ಯುತ್ತದೆ. ಹಾಗಾಗಿ ಬೆರಳು ಗಾಳಿ ಹೊರಬಿಡುವ ಡಂಪ್ ವಾಲ್ವ್ ಮೇಲೇ ಇರಲಿ, ಕಣ್ಣು ಕಂಪ್ಯೂಟರ್ ಮೇಲಿರಲಿ. ಇಷ್ಟಾದ ಮೇಲೆ ಡೈವ್ ಮುಗಿಸಿ. ಮುಂದುವರಿಸುವುದು ಬೇಡ.

ನೋಡುವುದು

ಗೋಡೆಯನ್ನು ದೂರದಿಂದ ನೋಡುತ್ತಾ ಸಾಗಿದರೆ ಅರ್ಧ ಮಾತ್ರ ನೋಡಿದ ಹಾಗೆ. ಒಂದು ಕಡೆ ನಿಂತು ಒಂದು ಮೀಟರ್ ಅಗಲದ ಜಾಗ ಆರಿಸಿಕೊಳ್ಳಿ. ಭತ್ತದ ಕಣಜದಂಥ ದೊಡ್ಡ ಬ್ಯಾರೆಲ್ ಸ್ಪಂಜ್ ಸಿಕ್ಕರೆ ಅದರ ಹೊರಮೈ ಮಡಿಕೆಗಳಲ್ಲಿ ಟಾರ್ಚ್ ಬಿಟ್ಟು ನೋಡಿ. ನೇರಳೆ-ಗುಲಾಬಿ ಬಣ್ಣದ, ಮೈತುಂಬ ಕೂದಲಿನ ಪುಟ್ಟ ಏಡಿಗಳು ಅಲ್ಲಿರುತ್ತವೆ. ಬೀಸಣಿಗೆ ಹವಳದಲ್ಲಿ ಗುಲಾಬಿ ಗಂಟು-ಗಂಟಿನ ಜಾತಿ ಒಂದಿದೆ. ಅದರಲ್ಲಿ ಪಿಗ್ಮಿ ಕಡಲ್ಗುದುರೆ ವಾಸ. ಎರಡೂವರೆ ಸೆಂಟಿಮೀಟರ್ ಕೂಡ ಇಲ್ಲ, ಮೈಮೇಲೆಲ್ಲ ಹವಳದ್ದೇ ಗಂಟು, ಹವಳದ್ದೇ ಬಣ್ಣ. ಗೈಡ್ ತೋರಿಸಿದರೂ ಮೊದಲು ಕಾಣುವುದಿಲ್ಲ. ಬಾಲ ಸುತ್ತಿಕೊಂಡ ಕೊಂಬೆಯಿಂದ ತಲೆ ಸ್ವಲ್ಪ ತಿರುಗಿಸಿದಾಗ ಕಣ್ಣೊಂದು ಕಾಣುತ್ತದೆ, ಆಮೇಲೆ ಇಡೀ ಪ್ರಾಣಿ ಕಾಣುತ್ತದೆ. ಅದಕ್ಕೆ ರೆಪ್ಪೆ ಇಲ್ಲ. ಹತ್ತಿರದಿಂದ ಫ್ಲ್ಯಾಶ್ ಮೇಲೆ ಫ್ಲ್ಯಾಶ್ ಹೊಡೆಯಬೇಡಿ. ಒಬ್ಬೊಬ್ಬರಾಗಿ ನೋಡಿ, ಜಾಗ ಬಿಟ್ಟುಕೊಡಿ.

ಇಲ್ಲಿ ಹಸಿರು ಆಮೆಗಳು ತುಂಬ. ಗೋಡೆಯ ಚಾಚುಗಳ ಮೇಲೆ ಮಲಗಿರುತ್ತವೆ, ಕೆಲವೊಮ್ಮೆ ಚಿಪ್ಪಿಗೆ ರೆಮೊರಾ ಮೀನು ಅಂಟಿಕೊಂಡಿರುತ್ತದೆ. ಮೇಲಿನಿಂದ ಎರಗಿದ ಹಾಗೆ ಹೋಗಬೇಡಿ. ಅದೇ ಆಳಕ್ಕೆ ಬಂದು, ಪಕ್ಕದಿಂದ, ಅದಕ್ಕೆ ಕಾಣುವ ಹಾಗೆ ನಿಧಾನಕ್ಕೆ ಹೋಗಿ. ಕಣ್ಣು ತೆರೆದು ನಿಮ್ಮನ್ನು ನೋಡಿ ಮತ್ತೆ ತಲೆ ಇಟ್ಟುಕೊಂಡರೆ ನಿಮ್ಮನ್ನು ಒಪ್ಪಿಕೊಂಡಿತು ಅಂತ. ಮುಂಗೈ ಎತ್ತಿದರೆ ನಿಂತುಬಿಡಿ. ಆಮೆಗೆ ಉಸಿರಾಡಲು ಮೇಲೆ ಹೋಗಲೇಬೇಕು, ಆ ದಾರಿಗೆ ಅಡ್ಡ ನಿಲ್ಲಬಾರದು.

ನಡುನಡುವೆ ನೀಲಿಯ ಕಡೆಗೂ ತಿರುಗಿ ನೋಡಿ. ನೆಪೋಲಿಯನ್ ರಾಸ್ ಮೀನು, ರೀಫ್ ಶಾರ್ಕ್ ಬರುವುದು ಆ ಕಡೆಯಿಂದ. ಪ್ಲಾಸ್ಟಿಕ್ಕೂ ಬರುತ್ತದೆ. ಮಳೆ ತಿಂಗಳುಗಳಲ್ಲಿ ಮನಾಡೊ ಹೊಳೆಗಳ ಕಸ ದ್ವೀಪಗಳವರೆಗೂ ತೇಲಿ ಬರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೈಗೆ ಸಿಕ್ಕಿದ ಕವರ್‌ಗಳನ್ನು ಬಿಸಿಡಿ ಜೇಬಿಗೆ ಹಾಕಿಕೊಳ್ಳಿ. ಹವಳಕ್ಕೆ ಸುತ್ತಿಕೊಂಡ ಬಲೆಯನ್ನು ನೀವು ಎಳೆಯಬೇಡಿ, ಗೈಡ್‌ಗೆ ತೋರಿಸಿ.

ಮೇಲೆ ಬರುವುದು

100 ಬಾರ್ ಆದಾಗ ಗೈಡ್‌ಗೆ ತಿಳಿಸಿ, 70 ಇರುವಾಗ ರೀಫ್ ಮೇಲ್ಭಾಗಕ್ಕೆ ಬಂದಿರಿ. ಏರುವ ವೇಗ ನಿಮಿಷಕ್ಕೆ ಒಂಬತ್ತು ಮೀಟರ್ ದಾಟಬಾರದು. ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್ ಕಡ್ಡಾಯ. ಬುನಾಕೆನ್‌ನ ದೊಡ್ಡ ಉಪಕಾರ ಇರುವುದು ಇಲ್ಲೇ. ಬೇರೆ ಕಡೆ ಖಾಲಿ ನೀರಿನಲ್ಲಿ ಗಡಿಯಾರ ನೋಡುತ್ತಾ ನೇತಾಡಬೇಕು. ಇಲ್ಲಿ ಅದೇ ಆಳದಲ್ಲಿ ಬಿಸಿಲು ತುಂಬಿದ ಹವಳದ ತೋಟ ಇದೆ. ಗಾಳಿ ಇದ್ದರೆ ಮೂರು ನಿಮಿಷವನ್ನು ಹತ್ತು ಮಾಡಿ.

ಸೆಳೆತ ನಿಮ್ಮನ್ನು ರೀಫ್‌ನಿಂದ ಆಚೆ ಒಯ್ದಿದ್ದರೆ ಐದು ಮೀಟರಿನಲ್ಲೇ ಬಲೂನು ಬಿಡಿ. ರೀಲ್ ಕೈಯಲ್ಲಿರಲಿ, ಬಿಸಿಡಿಗೆ ಸಿಕ್ಕಿಸಬೇಡಿ. ಮೇಲೆ ಬಂದ ಮೇಲೆ ಬಿಸಿಡಿ ತುಂಬಿ, ಉಸಿರಾಡುವ ರೆಗ್ಯುಲೇಟರ್ ಬಾಯಲ್ಲೇ ಇಟ್ಟುಕೊಂಡು ದೋಣಿ ಕಾಯಿರಿ. ಎಂಜಿನ್ ನ್ಯೂಟ್ರಲ್ ಆಗುವವರೆಗೂ ಏಣಿ ಕಡೆ ಹೋಗಬೇಡಿ.

ವಾಪಸ್ ವಿಮಾನ ಯಾವಾಗ ಅನ್ನುವುದನ್ನು ಟಿಕೆಟ್ ತೆಗೆಯುವಾಗಲೇ ಯೋಚಿಸಿ. ಹಲವು ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ನಾನು ಪೂರ್ತಿ 24 ಗಂಟೆ ಬಿಡುತ್ತೇನೆ. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಮನಾಡೊಗೆ ಬಂದವರು ಕೊನೆಯ ಮಧ್ಯಾಹ್ನ ಟೊಮೊಹೊನ್ ಬೆಟ್ಟದ ಊರಿಗೆ ಕಾರಿನಲ್ಲಿ ಹೋಗಿ, ಮಹಾವು ಜ್ವಾಲಾಮುಖಿಯ ಬಾಯಿ ನೋಡಲು ಹತ್ತುತ್ತಾರೆ. ಮಹಾವು 1300 ಮೀಟರಿಗೂ ಎತ್ತರ. ಎತ್ತರದಲ್ಲಿ ಒತ್ತಡ ಕಡಿಮೆಯಾಗಿ ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆ ಆಗಬಹುದು. ಅದಕ್ಕೆ ವಿಮಾನವಾದರೇನು, ಬೆಟ್ಟವಾದರೇನು, ಎರಡೂ ಎತ್ತರವೇ. ಬೆಟ್ಟ ನೋಡಲೇಬೇಕಿದ್ದರೆ ಡೈವ್ ಶುರುವಾಗುವ ಮುಂಚೆಯೇ ನೋಡಿ ಬನ್ನಿ. ಕೊನೆಯ ದಿನ ದ್ವೀಪದಲ್ಲೇ ಉಳಿದು ಸಾಮಾನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಬೇಕಿದ್ದರೆ ಸ್ನಾರ್ಕೆಲ್ ಹಾಕಿಕೊಂಡು ರೀಫ್ ಮೇಲೆ ತೇಲಿ, ಕೆಳಗೆ ಮುಳುಗದೆ ಮೇಲೆಯೇ ಇದ್ದರೆ ಅದಕ್ಕೇನೂ ಅಡ್ಡಿ ಇಲ್ಲ.